ಸಿಂಹಾಸನ ಮತ್ತು ಬೀಸುವ ಕಲ್ಲು: ಐಗುಪ್ತ ಹಾಗೂ ಸುಮೇರಿನ ಶಿಲ್ಪಗಳಲ್ಲಿ ಅಂತಸ್ತಿನ ಪ್ರಶ್ನೆ

ವಿಮೋಚನಕಾಂಡದ 11ನೆಯ ಅಧ್ಯಾಯವು ಕೊನೆಯ ಬಾಧೆಯನ್ನು ಮುಂತಿಳಿಸುವಾಗ ಐಗುಪ್ತದ ಸಮಾಜವನ್ನು ಅದರ ಎರಡು ತುದಿಗಳಿಂದ ಹಿಡಿದು ತೋರಿಸುತ್ತದೆ. ಒಂದು ತುದಿಯಲ್ಲಿ ಸಿಂಹಾಸನದ ಮೇಲೆ ಕುಳಿತ ಫರೋಹನಿದ್ದಾನೆ. ಇನ್ನೊಂದು ತುದಿಯಲ್ಲಿ ಬೀಸುವ ಕಲ್ಲಿನ ಹಿಂದಿರುವ ದಾಸಿಯಿದ್ದಾಳೆ. ಮೇಲಿನವನಿಂದ ಕೆಳಗಿನವಳ ತನಕ ಎಲ್ಲರೂ ಈ ಇಬ್ಬರ ನಡುವೆ ಅಡಕವಾಗುತ್ತಾರೆ. ಗಮನಾರ್ಹವಾದ ಸಂಗತಿಯೆಂದರೆ, ಈ ಎರಡು ಆಕೃತಿಗಳನ್ನೂ ಐಗುಪ್ತದ ಶಿಲ್ಪಿಗಳು ಮೋಶೆಯ ಕಥನಕ್ಕೆ ಸಾವಿರ ವರ್ಷಗಳಿಗೂ ಹಿಂದೆಯೇ ಕಲ್ಲಿನಲ್ಲಿ ಕಡೆದಿಟ್ಟಿದ್ದರು. ಸತ್ಯವೇದದ ಲೇಖಕನು ಎರಡು ತುದಿಗಳೆಂದು ಆರಿಸಿಕೊಂಡದ್ದನ್ನು ಆ ನಾಡಿನ ಕಲೆಯೂ ಎರಡು ತುದಿಗಳೆಂದೇ ಕಂಡಿತ್ತು.

ಅಬ್ರಹಾಮನು ಹೊರಟದ್ದು ಊರ್ ಪಟ್ಟಣದಿಂದ. ಇಸ್ರಾಯೇಲ್ಯರು ಹೊರಟದ್ದು ಐಗುಪ್ತದಿಂದ. ಹೀಗಾಗಿ ಸುಮೇರ್ ಮತ್ತು ಐಗುಪ್ತಗಳ ಕಲೆಯನ್ನು ಜೊತೆಗಿಟ್ಟು ನೋಡುವುದು ಹಳೆಯ ಒಡಂಬಡಿಕೆಯ ವಿದ್ಯಾರ್ಥಿಗೆ ಸಹಜವಾದ ಕೆಲಸ. ಆದರೆ ಆ ಹೋಲಿಕೆಯಲ್ಲಿ ಒಂದು ಸುಲಭವಾದ ಸೂತ್ರ ನಮ್ಮ ತರಗತಿಗಳಲ್ಲಿಯೂ ಪ್ರಸಂಗಗಳಲ್ಲಿಯೂ ಬೇರೂರಿದೆ. ಐಗುಪ್ತದ ಕಲೆ ಮನುಷ್ಯನನ್ನು ದೇವರ ಸ್ಥಾನಕ್ಕೆ ಏರಿಸಿತು, ಸುಮೇರಿನ ಕಲೆ ಮನುಷ್ಯನನ್ನು ದೇವರ ಮುಂದೆ ತಗ್ಗಿಸಿತು. ಮೊದಲನೆಯದು ಗರ್ವದ ಕಲೆ, ಎರಡನೆಯದು ದೀನತೆಯ ಕಲೆ ಎಂಬುದೇ ಆ ಸೂತ್ರ. ಇದರಲ್ಲಿ ಅರ್ಧ ಸತ್ಯವುಂಟು. ಉಳಿದರ್ಧವನ್ನು ನೋಡದೆ ಹೋದರೆ ಶಿಲ್ಪವನ್ನೂ ತಪ್ಪಾಗಿ ಓದುತ್ತೇವೆ, ದೀನತೆಯೆಂಬ ಮಾತನ್ನೂ ತಪ್ಪಾಗಿ ಬಳಸುತ್ತೇವೆ. ಎರಡು ನಾಡುಗಳಲ್ಲಿಯೂ ಪ್ರತಿಮೆಯೆಂಬುದು ಅಂತಸ್ತಿನ ಮಾತೇ ಆಗಿತ್ತು. ಭೇದವಿದ್ದದ್ದು ಆ ಅಂತಸ್ತನ್ನು ಯಾರ ಎದುರಿನಲ್ಲಿ ತೋರಿಸಲಾಗುತ್ತಿತ್ತು ಎಂಬುದರಲ್ಲಿ ಮಾತ್ರ. ಇದನ್ನು ಕೆಲವು ಪ್ರಮುಖ ಕೃತಿಗಳ ಮೂಲಕ ಪರಿಶೀಲಿಸಿ, ಬಳಿಕ ಆದಿಕಾಂಡದ ಸಾಕ್ಷಿಯ ಕಡೆಗೆ ತಿರುಗುವುದು ನಮ್ಮ ಉದ್ದೇಶ.

ಕಲ್ಲಿನ ಬೆಲೆ

ಶಿಲ್ಪದ ಅಂತಸ್ತು ಅದರ ಆಕಾರದಿಂದ ಆರಂಭವಾಗುವುದಿಲ್ಲ, ಅದರ ಕಲ್ಲಿನಿಂದ ಆರಂಭವಾಗುತ್ತದೆ. ನೈಲ್ ನದಿಯ ಎರಡು ದಡಗಳಲ್ಲಿಯೂ ಬಂಡೆಗಳಿವೆ. ಗೀಜಾದ ಸುತ್ತ ಸುಣ್ಣಕಲ್ಲು, ಅಸ್ವಾನಿನಲ್ಲಿ ಗ್ರಾನೈಟ್, ಪೂರ್ವದ ಮರುಭೂಮಿಯಲ್ಲಿ ಇನ್ನೂ ಹಲವು ಬಗೆಯ ಗಡಸುಕಲ್ಲುಗಳು ದೊರೆಯುತ್ತಿದ್ದವು. ಸುಮೇರ್ ಹಾಗಲ್ಲ. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳು ತಂದು ಹರಡಿದ ಮೆಕ್ಕಲು ಮಣ್ಣಿನ ಬಯಲು ಅದು. ಶಿನಾರ್ ದೇಶದವರು ಕಲ್ಲಿಗೆ ಬದಲಾಗಿ ಇಟ್ಟಿಗೆಯನ್ನೂ ಗಾರೆಗೆ ಬದಲಾಗಿ ಕಲ್ಲರಗನ್ನೂ ಬಳಸಿದರೆಂದು ಆದಿಕಾಂಡದ 11ನೆಯ ಅಧ್ಯಾಯ ಹೇಳುವಾಗ ಆ ನೆಲದ ಸ್ವಭಾವವನ್ನೇ ನೆನಪಿಸಿಕೊಳ್ಳುತ್ತದೆ. ಅಲ್ಲಿ ದೊಡ್ಡ ಗಡಸುಕಲ್ಲು ದೂರದಿಂದ ಹಡಗಿನಲ್ಲಿ ಬರಬೇಕಾಗಿತ್ತು. ಲಗಾಶಿನ ದೊರೆ ಗುದೇಅ ತನ್ನ ಪ್ರತಿಮೆಗಳ ಡಯೊರೈಟ್ ಕಲ್ಲು ಮಗಾನ್ ದೇಶದಿಂದ, ಎಂದರೆ ಇಂದಿನ ಓಮಾನ್ ಪ್ರದೇಶದಿಂದ, ಬಂದುದೆಂದು ಆ ಪ್ರತಿಮೆಗಳ ಮೇಲೆಯೇ ಕೊರೆಯಿಸಿದ್ದಾನೆ.

ಕಲ್ಲಿನ ಈ ಲಭ್ಯತೆ ಎರಡು ನಾಡುಗಳ ಕಲೆಯ ಗಾತ್ರವನ್ನು ನಿರ್ಣಯಿಸಿತು. ಐಗುಪ್ತದಲ್ಲಿ ಪ್ರತಿಮೆ ಆಳೆತ್ತರವನ್ನು ಮೀರಿ ಬೆಳೆಯಿತು. ಸುಮೇರಿನಲ್ಲಿ ಬಹುಪಾಲು ಮೊಳದುದ್ದದಲ್ಲಿ ಉಳಿಯಿತು. ಆದ್ದರಿಂದ ಸುಮೇರಿನ ಪ್ರತಿಮೆಗಳು ಚಿಕ್ಕವೆಂಬುದನ್ನೇ ದೀನತೆಯ ಗುರುತೆಂದು ಓದುವುದು ಅವಸರದ ತೀರ್ಮಾನವಾದೀತು. ಕಲ್ಲಿಲ್ಲದ ನಾಡಿನಲ್ಲಿ ಒಂದು ಮೊಳದ ಕಲ್ಲು ಕೂಡ ಸಿರಿವಂತಿಕೆಯ ಘೋಷಣೆಯೇ ಆಗಿತ್ತು.

ಕುಳಿತ ಅರಸನೂ ಮೊಣಕಾಲೂರಿದ ದಾಸಿಯೂ

ಐಗುಪ್ತದ ರಾಜಪ್ರತಿಮೆಗಳಲ್ಲಿ ಖಾಫ್ರೆಯದು ಮಾದರಿಯೆಂದು ಹೇಳಬಹುದು. ಕ್ರಿ.ಪೂ. ಸುಮಾರು 2500ರ ಈ ಪ್ರತಿಮೆಯನ್ನು 1860ರಲ್ಲಿ ಓಗ್ಯುಸ್ತ್ ಮಾರಿಯೆತ್ ಎಂಬ ಫ್ರೆಂಚ್ ಪುರಾತತ್ತ್ವಜ್ಞನು ಗೀಜಾದ ಕಣಿವೆ ದೇವಾಲಯದಲ್ಲಿ ಕಂಡುಹಿಡಿದನು. ಎತ್ತರ 168 ಸೆಂ.ಮೀ. ಕಲ್ಲು ನೂಬಿಯದ ಮರುಭೂಮಿಯಿಂದ ತಂದ ಅತಿ ಗಡಸಾದ ಕರಿಛಾಯೆಯ ಕಲ್ಲು. ಅರಸನು ನೆಟ್ಟಗೆ ಕುಳಿತಿದ್ದಾನೆ. ಕೈಗಳು ತೊಡೆಯ ಮೇಲಿವೆ. ಕಾಲುಗಳ ನಡುವಿನ ಕಲ್ಲನ್ನೂ ತೋಳು ಮತ್ತು ಮೈಗಳ ನಡುವಿನ ಕಲ್ಲನ್ನೂ ತೆಗೆಯದೆ ಬಿಟ್ಟಿದ್ದಾರೆ, ಏನೂ ಮುರಿಯಬಾರದೆಂಬಂತೆ. ಸಿಂಹಾಸನದ ಎರಡು ಬದಿಗಳಲ್ಲಿ ಮೇಲಣ ಮತ್ತು ಕೆಳಗಣ ಐಗುಪ್ತಗಳ ಸಸ್ಯಗಳು ಒಂದಕ್ಕೊಂದು ಹೆಣೆದುಕೊಂಡು ಎರಡು ನಾಡುಗಳ ಐಕ್ಯವನ್ನು ಸಾರುತ್ತವೆ. ತಲೆಯ ಹಿಂದೆ ಹೋರಸ್ ದೇವತೆಯ ಗಿಡುಗ ರೆಕ್ಕೆಗಳನ್ನು ಚಾಚಿ ಕುಳಿತಿದೆ. ಎದುರಿನಿಂದ ನೋಡುವವನಿಗೆ ಆ ಗಿಡುಗ ಕಾಣುವುದಿಲ್ಲ, ಅರಸನು ಮಾತ್ರ ಕಾಣುತ್ತಾನೆ. ಬದಿಗೆ ಸರಿದಾಗಲೇ ದೇವತೆ ಗೋಚರವಾಗುತ್ತದೆ. ಅರಸನು ಈ ದೇವತೆಯ ಎದುರಿಗೆ ನಿಂತಿಲ್ಲ. ದೇವತೆಯೇ ಅವನ ಬೆನ್ನ ಹಿಂದೆ ನಿಂತು ಅವನ ಮೂಲಕ ನಮ್ಮನ್ನು ನೋಡುತ್ತದೆ. ಪ್ರತಿಮೆಯ ಎದುರಿಗೆ ಇರುವವರು ಯಾರಾದರೂ ಅವರು ಅವನಿಗಿಂತ ಕೆಳಗಿನವರೇ.

ಪ್ರತಿಮೆ ಅಲ್ಲಿ ಕೇವಲ ಸ್ಮಾರಕವಾಗಿರಲಿಲ್ಲ. ಬಾಯಿ ತೆರೆಯುವ ವಿಧಿಯ ಮೂಲಕ ಅದಕ್ಕೆ ಉಸಿರಾಡುವ, ಉಣ್ಣುವ, ಕೇಳುವ ಶಕ್ತಿ ದೊರೆಯಿತೆಂದು ನಂಬಲಾಗುತ್ತಿತ್ತು. ಶಿಲ್ಪಿಯನ್ನು ಕರೆಯುತ್ತಿದ್ದ ಒಂದು ಪದದ ಅರ್ಥವೇ ಬದುಕಿಸುವವನು ಎಂದಾಗಿತ್ತು. ಬಾಯಿದ್ದರೂ ಮಾತಾಡದ, ಕಣ್ಣಿದ್ದರೂ ನೋಡದ ವಿಗ್ರಹಗಳನ್ನು ಹಾಸ್ಯಮಾಡುವ 115ನೆಯ ಕೀರ್ತನೆಯನ್ನು ಓದುವಾಗ, ಪುರಾತನ ಪೂರ್ವದೇಶಗಳ ಇಂಥ ವಿಧಿಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಪ್ರತಿಮೆಗೆ ಜೀವ ತುಂಬುವುದು ಹೆಸರಿನ ಕೆಲಸವೂ ಆಗಿತ್ತು. ಮುಖಸಾಮ್ಯಕ್ಕಿಂತ ಕೊರೆದ ಹೆಸರೇ ಮುಖ್ಯ. ಎರಡನೆಯ ರಾಮ್ಸೆಸನು ತನಗಿಂತ ಹಿಂದಿನ ಅರಸರ ಪ್ರತಿಮೆಗಳ ಮೇಲೆ ತನ್ನ ಹೆಸರನ್ನು ಕೊರೆಯಿಸಿ ಅವುಗಳನ್ನು ತನ್ನವನ್ನಾಗಿ ಮಾಡಿಕೊಂಡದ್ದು ಇದೇ ನಂಬಿಕೆಯ ಬಲದಿಂದ.

ಅರಸನಿಂದ ಕೆಳಗಿಳಿದಂತೆ ಶಿಲ್ಪದ ಭಾಷೆ ಬದಲಾಗುತ್ತದೆ. ಸಕ್ಕಾರದಲ್ಲಿ ದೊರೆತ ಕಾಅಪೇರ್ ಎಂಬವನ ಮರದ ಪ್ರತಿಮೆ ಸುಮಾರು 112 ಸೆಂ.ಮೀ. ಎತ್ತರದ್ದು. ಅವನು ವಿಧಿಗ್ರಂಥಗಳನ್ನು ಓದುವ ಪ್ರಧಾನ ಯಾಜಕನಾಗಿದ್ದನು. ದುಂಡು ಮುಖ, ತುಂಬಿದ ಹೊಟ್ಟೆ, ಕೈಯಲ್ಲಿ ಕೋಲು. ಮಾರಿಯೆತನ ಕೂಲಿಯಾಳುಗಳು ಅದನ್ನು ಮಣ್ಣಿನಿಂದ ಎತ್ತಿದಾಗ ತಮ್ಮ ಹಳ್ಳಿಯ ಮುಖಂಡನನ್ನೇ ಕಂಡಂತಾಗಿ ಶೇಖ್ ಎಲ್-ಬೆಲೆದ್ ಎಂದು ಕರೆದರು. ನಮ್ಮ ಮಾತಿನಲ್ಲಿ ಊರಗೌಡ. ಆ ಹೊಟ್ಟೆ ಕುಂದಲ್ಲ, ಪದವಿ, ದುಡಿಯಬೇಕಾಗಿಲ್ಲದವನ ಗುರುತು. ಲೂವ್ರ್ ಸಂಗ್ರಹಾಲಯದಲ್ಲಿರುವ 53.7 ಸೆಂ.ಮೀ. ಎತ್ತರದ ಲಿಪಿಕಾರನ ಪ್ರತಿಮೆಯ ಸಡಿಲವಾದ ಎದೆಯೂ ಅದನ್ನೇ ಹೇಳುತ್ತದೆ. ಅರಸನ ದೇಹಕ್ಕೆ ಮಾತ್ರ ವಯಸ್ಸಿಲ್ಲ, ಆಯಾಸವಿಲ್ಲ. ಅಧಿಕಾರಿಯ ದೇಹಕ್ಕೆ ಸುಖವುಂಟು. ಇವೆರಡರ ನಡುವೆ ಒಂದು ಕುತೂಹಲದ ಉದಾಹರಣೆ ಸೆನೆಬ್ ಎಂಬವನದು. ಕುಳ್ಳದೇಹದವನಾದ ಈ ಅಧಿಕಾರಿ ಕಾಲು ಮಡಿಸಿ ಹೆಂಡತಿಯ ಪಕ್ಕದಲ್ಲಿ ಕುಳಿತಿದ್ದಾನೆ. ಉಳಿದವರಿಗೆ ಕಾಲುಗಳಿರುವ ಜಾಗದಲ್ಲಿ ಅವನ ಇಬ್ಬರು ಮಕ್ಕಳು ನಿಂತಿದ್ದಾರೆ. ಶಿಲ್ಪಿ ಅವನ ದೇಹವನ್ನು ಮರೆಮಾಚದೆಯೇ ಅವನ ಸ್ಥಾನವನ್ನು ಪೂರ್ಣಗೊಳಿಸಿದ್ದಾನೆ.

ಕೊನೆಯಲ್ಲಿ ಬರುವವಳು ಕಾಳು ಅರೆಯುವ ಹೆಂಗಸು. ಹಳೆಯ ರಾಜ್ಯದ ಕಾಲದ ಸಮಾಧಿಗಳಲ್ಲಿ ಇಂಥ ಚಿಕ್ಕ ಸುಣ್ಣಕಲ್ಲಿನ ಆಕೃತಿಗಳು ಹಲವು ದೊರೆತಿವೆ. ಅವಳು ಮೊಣಕಾಲೂರಿ, ಮುಂದಕ್ಕೆ ಬಾಗಿ, ಎರಡು ಕೈಗಳಿಂದ ಅರೆಗಲ್ಲನ್ನು ಒತ್ತುತ್ತಿದ್ದಾಳೆ. ಖಾಫ್ರೆಯ ಮೈಯಲ್ಲಿ ಇಲ್ಲದ ಚಲನೆ ಇವಳ ಮೈಯಲ್ಲಿದೆ, ಏಕೆಂದರೆ ಕೆಲಸ ಇವಳದ್ದು. ಇಂಥ ಆಕೃತಿಗಳಲ್ಲಿ ಕೆಲವದರ ಮೇಲೆ ಹೆಸರಿದ್ದರೂ ಹೆಚ್ಚಿನವು ಹೆಸರಿಲ್ಲದವು. ಇವಳನ್ನು ಇಟ್ಟದ್ದು ಇವಳ ನೆನಪಿಗಾಗಿ ಅಲ್ಲ. ಸಮಾಧಿಯ ಒಡೆಯನಿಗೆ ನಿತ್ಯತ್ವದಲ್ಲಿ ರೊಟ್ಟಿ ಕಡಿಮೆಯಾಗಬಾರದೆಂದು. ಒಬ್ಬನ ಅಮರತ್ವ ಇನ್ನೊಬ್ಬಳ ಮುಗಿಯದ ದುಡಿಮೆಯ ಮೇಲೆ ನಿಂತಿರುವುದನ್ನು ಇಷ್ಟು ನೇರವಾಗಿ ಹೇಳುವ ಕಲೆ ವಿರಳ.

ಕೈಕಟ್ಟಿ ನಿಂತವರು

ಸುಮೇರಿನ ಕಡೆಗೆ ತಿರುಗಿದರೆ ಮೊದಲು ಎದುರಾಗುವುದು ಕಣ್ಣುಗಳು. ಬಾಗ್ದಾದಿನ ಈಶಾನ್ಯಕ್ಕಿರುವ ತೆಲ್ ಅಸ್ಮರ್‌ನಲ್ಲಿ, ಪುರಾತನ ಎಶ್ನುನ್ನ ಪಟ್ಟಣದ ಒಂದು ದೇವಾಲಯದ ನೆಲದಡಿಯಲ್ಲಿ, ಹೆನ್ರಿ ಫ್ರಾಂಕ್‌ಫರ್ಟ್‌ನ ತಂಡವು 1934ರಲ್ಲಿ ಹನ್ನೆರಡು ಪ್ರತಿಮೆಗಳನ್ನು ಒಂದೇ ಗುಂಡಿಯಲ್ಲಿ ಕಂಡಿತು. ಅವುಗಳಲ್ಲಿ ಹತ್ತು ಗಂಡಸರವು, ಎರಡು ಹೆಂಗಸರವು. ಅತಿ ಎತ್ತರದ್ದು 72 ಸೆಂ.ಮೀ. ಕಾಲ ಕ್ರಿ.ಪೂ. ಸುಮಾರು 2700. ಚಿಪ್ಪನ್ನೂ ಕಪ್ಪು ಕಲ್ಲನ್ನೂ ಕೂಡಿಸಿ ಮಾಡಿದ ವಿಶಾಲವಾದ ಕಣ್ಣುಗಳು ಮುಖವನ್ನೆಲ್ಲ ಆವರಿಸಿವೆ. ಬಹುತೇಕ ಎಲ್ಲರೂ ಎದೆಯ ಮುಂದೆ ಕೈಗಳನ್ನು ಕೂಡಿಸಿ ನಿಂತಿದ್ದಾರೆ. ಕನ್ನಡದಲ್ಲಿ ಕೈಕಟ್ಟಿ ನಿಲ್ಲುವುದು ಎಂಬ ನುಡಿಗಟ್ಟಿಗೆ ಇದಕ್ಕಿಂತ ಸರಿಯಾದ ಚಿತ್ರ ದೊರೆಯಲಾರದು. ಅತಿ ದೊಡ್ಡ ಎರಡು ಪ್ರತಿಮೆಗಳು ಅಬು ದೇವತೆಯದೂ ಅವನ ಸಂಗಾತಿಯದೂ ಎಂದು ಫ್ರಾಂಕ್‌ಫರ್ಟ್ ಊಹಿಸಿದ್ದನು. ಅವೂ ಉಳಿದವುಗಳಂತೆ ಕೈಕಟ್ಟಿಯೇ ನಿಂತಿರುವುದರಿಂದ ಅವರೂ ಆರಾಧಕರೇ ಎಂದು ನಂತರದ ಅನೇಕ ವಿದ್ವಾಂಸರು ಹೇಳಿದ್ದಾರೆ. ಈ ಭಿನ್ನಾಭಿಪ್ರಾಯವೇ ನಮಗೆ ಪಾಠ: ಈ ಕಲೆಯಲ್ಲಿ ನಿಲುವನ್ನು ನೋಡಿಯೇ ದೇವರು ಯಾರು, ಮನುಷ್ಯರು ಯಾರು ಎಂದು ನಿರ್ಧರಿಸಬೇಕಾಗುತ್ತದೆ.

ಇಂಥ ಪ್ರತಿಮೆ ಆರಾಧಕನ ಪ್ರತಿನಿಧಿ. ಅವನು ಮನೆಗೆ ಹೋದ ಮೇಲೆಯೂ ಅದು ದೇವರ ಎದುರಿಗೆ ನಿಂತು ಅವನ ಆಯುಷ್ಯಕ್ಕಾಗಿ ಬೇಡುತ್ತಿರುತ್ತದೆ. ಐಗುಪ್ತದ ಪ್ರತಿಮೆ ಕಾಣಿಕೆಯನ್ನು ಸ್ವೀಕರಿಸಲು ಕುಳಿತಿದ್ದರೆ ಇದು ಬಿನ್ನಹವನ್ನು ಒಪ್ಪಿಸಲು ನಿಂತಿದೆ. ಲಗಾಶಿನ ಅರಸ ಊರ್-ನಾನ್ಶೆಯ ಉಬ್ಬುಶಿಲ್ಪದಲ್ಲಿ, ಕ್ರಿ.ಪೂ. ಸುಮಾರು 2500ರಲ್ಲಿ, ಅರಸನು ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ದೇವಾಲಯ ಕಟ್ಟುವ ಕೂಲಿಯಂತೆ ಕಾಣಿಸಿಕೊಳ್ಳುತ್ತಾನೆ. ಕ್ರಿ.ಪೂ. ಸುಮಾರು 2100ರಲ್ಲಿ ಊರ್ ಪಟ್ಟಣದಿಂದ ಆಳಿದ ಊರ್-ನಮ್ಮುವಿನ ತಾಮ್ರದ ಚಿಕ್ಕ ಆಕೃತಿಗಳಲ್ಲಿಯೂ ಅದೇ ಬುಟ್ಟಿಯಿದೆ. ಅವುಗಳನ್ನು ದೇವಾಲಯದ ಅಸ್ತಿವಾರದಡಿಯಲ್ಲಿ ಹೂಳಿಡಲಾಗಿತ್ತು. ಪ್ರಜೆಗಳು ಕಾಣಲೆಂದು ಮಾಡಿದವಲ್ಲ ಅವು. ದೇವರಿಗೂ ಮುಂದೆ ಆ ದೇವಾಲಯವನ್ನು ಜೀರ್ಣೋದ್ಧಾರ ಮಾಡುವ ಅರಸನಿಗೂ ಮಾತ್ರ ತಿಳಿಯತಕ್ಕವು.

ಈ ಪರಂಪರೆ ಗುದೇಅನಲ್ಲಿ ಪಕ್ವವಾಗುತ್ತದೆ. ಅರ್ನೆಸ್ತ್ ದ ಸಾರ್ಜೆಕ್ 1877ರಿಂದ ತೆಲ್ಲೋವಿನಲ್ಲಿ ನಡೆಸಿದ ಅಗೆತದಿಂದ ಬೆಳಕಿಗೆ ಬಂದ ಅವನ ಅನೇಕ ಪ್ರತಿಮೆಗಳು ಲೂವ್ರ್‌ನಲ್ಲಿವೆ. ಖಾಫ್ರೆಯದರಂತೆಯೇ ಗಡಸುಕಲ್ಲು, ಅದೇ ಹೊಳಪು. ಕೆಲವದರಲ್ಲಿ ಅವನೂ ಕುಳಿತಿದ್ದಾನೆ. ಆದರೆ ಕೈಗಳು ತೊಡೆಯ ಮೇಲಿಲ್ಲ, ಎದೆಯ ಮುಂದೆ ಕೂಡಿವೆ. ವಿದ್ವಾಂಸರು ಬಿ ಎಂದು ಗುರುತಿಸಿರುವ ಪ್ರತಿಮೆಯ ತೊಡೆಯ ಮೇಲೆ ನಿಂಗಿರ್ಸು ದೇವತೆಯ ಆಲಯದ ನಕ್ಷೆಯಿದೆ. ಅರಸನ ಹಿರಿಮೆ ಅವನಿಗೆ ಒಪ್ಪಿಸಿದ ಕೆಲಸದಲ್ಲಿದೆ ಎಂದು ಅದು ಸಾರುತ್ತದೆ. ದೇವರ ಆಲಯದ ನಮೂನೆಯನ್ನು ಮೇಲಿನಿಂದ ಪಡೆದ ಮೋಶೆಯೂ, ಅದನ್ನು ಸೊಲೊಮೋನನಿಗೆ ಒಪ್ಪಿಸಿದ ದಾವೀದನೂ ಇಲ್ಲಿ ನಮಗೆ ನೆನಪಾಗುವುದು ಸಹಜ. ಸುಮೇರಿಯನ್ ಭಾಷೆಯಲ್ಲಿ ಕಿವಿ ಮತ್ತು ಜ್ಞಾನಗಳಿಗೆ ಒಂದೇ ಪದವಿತ್ತು, ಕೇಳುವವನೇ ಜ್ಞಾನಿ. ಸೊಲೊಮೋನನು ಗಿಬ್ಯೋನಿನಲ್ಲಿ ಬೇಡಿಕೊಂಡದ್ದೂ ಇಬ್ರಿಯ ಮೂಲದ ಪ್ರಕಾರ ಕೇಳುವ ಹೃದಯವನ್ನೇ.

ಈ ಪ್ರತಿಮೆಯ ಶಾಸನದಲ್ಲಿ ನಮ್ಮ ವಿಷಯಕ್ಕೆ ಅತಿ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಆಲಯದ ಪ್ರತಿಷ್ಠೆಯ ಏಳು ದಿನ ಪಟ್ಟಣದಲ್ಲಿ ಯಾರೂ ಕಾಳು ಅರೆಯಲಿಲ್ಲ. ದಾಸಿ ಯಜಮಾನಿಗೆ ಸರಿಸಮಾನಳಾದಳು. ದಾಸನು ಒಡೆಯನ ಪಕ್ಕದಲ್ಲಿ ನಡೆದನು. ಅನಾಥನನ್ನು ಐಶ್ವರ್ಯವಂತನಿಗೂ ವಿಧವೆಯನ್ನು ಬಲಿಷ್ಠನಿಗೂ ಒಪ್ಪಿಸಲಾಗಲಿಲ್ಲ ಎಂಬ ಅರ್ಥದ ಮಾತುಗಳು ಅಲ್ಲಿವೆ. ಐಗುಪ್ತದ ಸಮಾಧಿಯಲ್ಲಿ ಕಲ್ಲಾಗಿ ನಿತ್ಯವೂ ಅರೆಯುತ್ತಿರುವ ಹೆಂಗಸನ್ನು ನೋಡಿ ಬಂದವರಿಗೆ ಈ ಮಾತು ತಂಗಾಳಿಯಂತಿದೆ. ಬೀಸುವ ಕಲ್ಲು ಇಲ್ಲಿ ನಿಂತಿದೆ. ಆದರೆ ಏಳು ದಿನ ಮಾತ್ರ. ಎಂಟನೆಯ ದಿನ ದಾಸಿ ಮತ್ತೆ ದಾಸಿ. ಸಮಾನತೆ ಇಲ್ಲಿ ಅವಳ ಹಕ್ಕಲ್ಲ, ಹಬ್ಬ. ಮತ್ತು ಆ ಹಬ್ಬವನ್ನು ಕೊಡಮಾಡಿದವನ ಕೀರ್ತಿಗೆ ಅದು ಸೇರುತ್ತದೆ.

ಹೋಲಿಕೆಯ ಮಿತಿ

ಈಗ ಆರಂಭದ ಸೂತ್ರಕ್ಕೆ ಹಿಂದಿರುಗೋಣ. ಗರ್ವ ಮತ್ತು ದೀನತೆ ಎಂಬ ವಿಭಜನೆ ಎರಡು ಕಡೆಯಿಂದಲೂ ಮುರಿಯುತ್ತದೆ. ಐಗುಪ್ತದ ಅರಸರೂ ದೇವರ ಮುಂದೆ ಮೊಣಕಾಲೂರಿದ್ದುಂಟು. ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿರುವ ಮೊದಲನೆಯ ಪೆಪಿಯ ಚಿಕ್ಕ ಪ್ರತಿಮೆ, ಸುಮಾರು 15 ಸೆಂ.ಮೀ. ಎತ್ತರದ್ದು, ಎರಡು ಕೈಗಳಲ್ಲಿ ಕಾಣಿಕೆಯ ಪಾತ್ರೆಗಳನ್ನು ಹಿಡಿದು ಮಂಡಿಯೂರಿದೆ. ರಾಣಿ ಹತ್ಶೆಪ್ಸೂತಳ ಮಂಡಿಯೂರಿದ ದೊಡ್ಡ ಪ್ರತಿಮೆಗಳೂ ಉಳಿದಿವೆ. ಇತ್ತ ಮೆಸಪೊಟೇಮಿಯದಲ್ಲಿ ಅಕ್ಕಾದಿನ ನರಾಮ್-ಸಿನ್ ತನ್ನ ವಿಜಯಶಿಲೆಯಲ್ಲಿ ದೇವರುಗಳಿಗೆ ಮೀಸಲಾದ ಕೊಂಬಿನ ಕಿರೀಟವನ್ನು ಧರಿಸಿ, ಎಲ್ಲ ಸೈನಿಕರಿಗಿಂತ ದೊಡ್ಡವನಾಗಿ ಬೆಟ್ಟವನ್ನೇರುತ್ತಾನೆ. ಬುಟ್ಟಿ ಹೊತ್ತ ಊರ್-ನಮ್ಮುವಿನ ಮಗನಾದ ಶುಲ್ಗಿಯೇ ತನ್ನ ಹೆಸರಿನ ಮುಂದೆ ದೇವತ್ವದ ಚಿಹ್ನೆಯನ್ನು ಬರೆಯಿಸಿಕೊಂಡನು. ಬುಟ್ಟಿಗೂ ಕೊಂಬಿಗೂ ನಡುವಿನ ದೂರ ಒಂದು ತಲೆಮಾರಿನದು.

ಗಾತ್ರದ ವಿಷಯದಲ್ಲಂತೂ ಎರಡು ನಾಡುಗಳೂ ಒಂದೇ ವ್ಯಾಕರಣವನ್ನು ಬಳಸುತ್ತವೆ. ಕ್ರಿ.ಪೂ. ಸುಮಾರು 3100ರ ನಾರ್ಮೆರನ ಫಲಕದಲ್ಲಿ ಅರಸನು ಶತ್ರುವಿಗಿಂತಲೂ ಸೇವಕನಿಗಿಂತಲೂ ದೊಡ್ಡವನು. ಊರ್ ಪಟ್ಟಣದ ರಾಜಸಮಾಧಿಗಳಲ್ಲಿ ಲೆನಾರ್ಡ್ ವೂಲಿ ಕಂಡ, ಲಾಜವರ್ದವೆಂಬ ನೀಲಿ ಕಲ್ಲು ಮತ್ತು ಚಿಪ್ಪುಗಳಿಂದ ಕೂಡಿಸಿದ ಫಲಕದಲ್ಲಿ ಅರಸನ ತಲೆ ಚಿತ್ರದ ಅಂಚನ್ನೇ ಮೀರುತ್ತದೆ. ಮಣ್ಣು ಹೊರುವ ಊರ್-ನಾನ್ಶೆ ಕೂಡ ತನ್ನ ಮಕ್ಕಳಿಗಿಂತ ಎಷ್ಟೋ ಪಟ್ಟು ದೊಡ್ಡವನಾಗಿಯೇ ಹೊರುತ್ತಾನೆ. ಸುಮೇರಿಯನ್ ಭಾಷೆಯಲ್ಲಿ ಅರಸನಿಗಿರುವ ಲುಗಲ್ ಎಂಬ ಪದದ ಅಕ್ಷರಾರ್ಥ ದೊಡ್ಡ ಮನುಷ್ಯ. ಫರೋಹ ಎಂಬ ಪದದ ಮೂಲಾರ್ಥ ದೊಡ್ಡ ಮನೆ. ದೊಡ್ಡ ಮನುಷ್ಯರು, ದೊಡ್ಡ ಮನೆಯವರು ಎಂದು ಇಂದಿಗೂ ಹೇಳುವ ನಮಗೆ ಈ ವ್ಯಾಕರಣವನ್ನು ಯಾರೂ ಕಲಿಸಬೇಕಾಗಿಲ್ಲ.

ಇದಕ್ಕಿಂತ ಆಳವಾದ ಆಕ್ಷೇಪ ಒಂದುಂಟು. ತೆಲ್ ಅಸ್ಮರ್‌ನ ಆರಾಧಕರು ಕೈಕಟ್ಟಿ ನಿಂತಿರುವುದು ದೀನತೆಯೇ ಸರಿ. ಆದರೆ ದೇವರ ಎದುರಿಗೆ ಹಗಲಿರುಳೂ ನಿಲ್ಲುವ ಆ ಅವಕಾಶ ಯಾರಿಗಿತ್ತು? ಕಲ್ಲನ್ನು ಕೊಳ್ಳಬಲ್ಲವರಿಗೆ. ಕಾಲುವೆ ತೋಡುವವನೂ ಕಾಳು ಅರೆಯುವವಳೂ ಹಬ್ಬದ ದಿನ ಬಂದು ಹೋಗಬಹುದಾಗಿತ್ತು. ಗರ್ಭಗೃಹದಲ್ಲಿ ಅವರ ಪರವಾಗಿ ನಿಲ್ಲುವ ಪ್ರತಿಮೆಯಿರಲಿಲ್ಲ. ಗುದೇಅನ ಪ್ರತಿಮೆಗೆ ದಿನವೂ ಮದ್ಯವನ್ನೂ ರೊಟ್ಟಿಯನ್ನೂ ಒಪ್ಪಿಸಬೇಕೆಂದು ಶಾಸನ ವಿಧಿಸುತ್ತದೆ. ಆ ರೊಟ್ಟಿಯ ಹಿಟ್ಟನ್ನು ಯಾರೋ ಅರೆಯಲೇಬೇಕಾಗಿತ್ತು. ಹೀಗೆ ದೀನತೆಯ ಭಂಗಿಯೇ ಒಂದು ಸವಲತ್ತಾಯಿತು. ಐಗುಪ್ತದಲ್ಲಿ ಅಂತಸ್ತು ಎಂದರೆ ಪ್ರಜೆಗಳ ಎದುರಿಗೆ ಕುಳಿತುಕೊಳ್ಳುವುದು. ಸುಮೇರಿನಲ್ಲಿ ಅಂತಸ್ತು ಎಂದರೆ ದೇವರ ಎದುರಿಗೆ ನಿಲ್ಲುವುದು. ಎರಡನೆಯದು ಹೆಚ್ಚು ಭಕ್ತಿಪೂರ್ಣವಾಗಿ ಕಾಣುತ್ತದೆ. ಆದರೆ ಹಿಂದೆ ಉಳಿದವರನ್ನು ಅದು ಮುಂದಕ್ಕೆ ತರುವುದಿಲ್ಲ.

ಸ್ವರೂಪ ಮತ್ತು ಹೋಲಿಕೆ

ಈ ಹಿನ್ನೆಲೆಯಲ್ಲಿ ಆದಿಕಾಂಡದ 1ನೆಯ ಅಧ್ಯಾಯದ 26 ಮತ್ತು 27ನೆಯ ವಚನಗಳು ಹೊಸ ತೂಕವನ್ನು ಪಡೆಯುತ್ತವೆ. ಅಲ್ಲಿರುವ ತ್ಸೆಲೆಮ್ ಮತ್ತು ದೆಮೂತ್ ಎಂಬ ಇಬ್ರಿಯ ಪದಗಳನ್ನು ನಾವು ಸ್ವರೂಪ, ಹೋಲಿಕೆ ಎಂದು ಓದುತ್ತೇವೆ. ತ್ಸೆಲೆಮ್ ಎಂಬುದು ಮೂಲತಃ ಕಡೆದ ಪ್ರತಿಮೆಗೆ ಸಲ್ಲುವ ಪದ. ದಾನಿಯೇಲನ ಗ್ರಂಥದಲ್ಲಿ ನೆಬೂಕದ್ನೆಚ್ಚರನು ನಿಲ್ಲಿಸಿದ ಬಂಗಾರದ ಪ್ರತಿಮೆಗೂ ಅರಾಮ್ಯ ಭಾಷೆಯ ಅದೇ ಪದವಿದೆ. 1979ರಲ್ಲಿ ಸಿರಿಯದ ತೆಲ್ ಫೆಖೆರಿಯೆಯಲ್ಲಿ ದೊರೆತ ಕ್ರಿ.ಪೂ. 9ನೆಯ ಶತಮಾನದ ಒಂದು ಪ್ರತಿಮೆಯ ಮೇಲೆ ಅಶ್ಶೂರ್ಯ ಮತ್ತು ಅರಾಮ್ಯ ಭಾಷೆಗಳ ಶಾಸನವಿದೆ. ಅರಾಮ್ಯ ಭಾಗವು ಆ ಪ್ರತಿಮೆಯನ್ನು ಈ ಎರಡೂ ಪದಗಳ ಸೋದರರೂಪಗಳಿಂದ ಕರೆಯುತ್ತದೆ. ಅದು ಗೂಜಾನದ ಅಧಿಪತಿಯೊಬ್ಬನ ಪ್ರತಿಮೆ. ಹದದ್ ದೇವತೆಯ ಮುಂದೆ ನಿಲ್ಲಿಸಿದ್ದು. ಸುಮೇರಿನ ಹಳೆಯ ಭಂಗಿಯಂತೆಯೇ ಮುಂದೆ ಕೈಗಳನ್ನು ಕೂಡಿಸಿ ನಿಂತಿದೆ. ಇತ್ತ ಐಗುಪ್ತದಲ್ಲಿ ಅರಸನೇ ದೇವರ ಪ್ರತಿಮೆ ಎಂಬ ಮಾತು ರೂಢಿಯಲ್ಲಿತ್ತು. ತುತಂಖಾಮುನ್ ಎಂಬ ಹೆಸರಿನ ಅರ್ಥವೇ ಅಮುನನ ಜೀವಂತ ಪ್ರತಿಮೆ.

ಸುಮೇರಿನಿಂದ ಆದಿಕಾಂಡಕ್ಕೆ ನೇರವಾದ ಗೆರೆ ಎಳೆಯುವುದು ನಮ್ಮ ವಾದವಲ್ಲ. ಗುದೇಅನಿಗೂ ಬಾಬೆಲಿನ ಸೆರೆಗೂ ನಡುವೆ ಒಂದೂವರೆ ಸಾವಿರ ವರ್ಷಗಳ ಅಂತರವುಂಟು. ಆದರೆ ಪ್ರತಿಮೆಯ ಭಾಷೆ ಆ ನಾಡುಗಳಲ್ಲಿ ಜೀವಂತವಾಗಿಯೇ ಉಳಿದಿತ್ತು. ಆ ಭಾಷೆಯನ್ನು ತಿಳಿದವರ ಕಿವಿಗೆ, ದೇವರು ಮನುಷ್ಯನನ್ನೇ, ಗಂಡು ಹೆಣ್ಣು ಎಂಬ ಭೇದವಿಲ್ಲದೆ, ತನ್ನ ಪ್ರತಿಮೆಯಾಗಿ ಉಂಟುಮಾಡಿದನೆಂಬ ಮಾತು ಹೇಗೆ ಕೇಳಿಸಿರಬೇಕು! ಕಲ್ಲು ಕೊಳ್ಳಬೇಕಾಗಿಲ್ಲ; ಮಗಾನಿನಿಂದ ಹಡಗು ಬರಬೇಕಾಗಿಲ್ಲ; ಅರೆಗಲ್ಲಿನ ಹಿಂದಿರುವ ಹೆಂಗಸು ಈಗಾಗಲೇ ದೇವರ ಸನ್ನಿಧಿಯಲ್ಲಿ ನಿಂತ ಪ್ರತಿಮೆ. ಐಗುಪ್ತದ ಅರಸನಿಗಿದ್ದ ಪ್ರತಿನಿಧಿತ್ವವೂ ಸುಮೇರಿನ ಆರಾಧಕನಿಗಿದ್ದ ಸಾಮೀಪ್ಯವೂ ಒಟ್ಟಿಗೆ ಅವಳ ಪಾಲಿಗೆ ಬರುತ್ತವೆ.

ಈ ಮಾತು ಕೇವಲ ತತ್ತ್ವವಾಗಿ ನಿಲ್ಲದೆ ಇಸ್ರಾಯೇಲಿನ ಕಥನದಲ್ಲಿಯೂ ನಿಯಮದಲ್ಲಿಯೂ ಕೆಲಸಮಾಡುತ್ತದೆ. ಹೆಸರೇ ಪ್ರತಿಮೆಗೆ ಜೀವವಾಗಿದ್ದ ನಾಡಿನ ಕಥೆಯನ್ನು ಹೇಳುವಾಗ ವಿಮೋಚನಕಾಂಡವು ಫರೋಹನ ಹೆಸರನ್ನು ಹೇಳುವುದೇ ಇಲ್ಲ. ಇಬ್ಬರು ಸೂಲಗಿತ್ತಿಯರಾದ ಶಿಪ್ರಾ, ಪೂಗಾ ಎಂಬವರ ಹೆಸರುಗಳನ್ನು ಮಾತ್ರ ತಪ್ಪದೆ ಬರೆದಿಡುತ್ತದೆ. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿ ಸಬ್ಬತ್ತಿನ ಆಜ್ಞೆಗೆ ಕೊಟ್ಟ ಕಾರಣವೂ ಇಲ್ಲಿ ಪ್ರಸ್ತುತ: ದಾಸದಾಸಿಯರಿಗೂ ಯಜಮಾನನಂತೆಯೇ ವಿಶ್ರಾಂತಿಯಾಗಬೇಕು, ಏಕೆಂದರೆ ಯಜಮಾನನೂ ಐಗುಪ್ತದಲ್ಲಿ ದಾಸನಾಗಿದ್ದನು. ಗುದೇಅನ ಪಟ್ಟಣದಲ್ಲಿ ಬೀಸುವ ಕಲ್ಲು ಒಂದು ಹಬ್ಬಕ್ಕಾಗಿ ಏಳು ದಿನ ನಿಂತಿತು. ಇಲ್ಲಿ ಅದು ವಾರಕ್ಕೊಮ್ಮೆ, ಯಾವ ಅರಸನ ಔದಾರ್ಯವನ್ನೂ ಕಾಯದೆ, ಆಜ್ಞೆಯಿಂದಲೇ ನಿಲ್ಲಬೇಕು. ಇಸ್ರಾಯೇಲ್ಯರು ಇದನ್ನು ಸದಾ ನೆರವೇರಿಸಿದರೆಂದಲ್ಲ. ದಾಸ್ಯವೇನೂ ಅಲ್ಲಿ ಇಲ್ಲವಾಗಲಿಲ್ಲ, ಪ್ರವಾದಿಗಳ ಗ್ರಂಥಗಳೇ ಅದಕ್ಕೆ ಸಾಕ್ಷಿ. ಆದರೆ ಅಳತೆಗೋಲು ಬದಲಾಯಿತು.

ನಮ್ಮ ಕಲ್ಲುಗಳು

ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ಸಾಮ್ಯದಲ್ಲಿ ಇಬ್ಬರೂ ದೇವಾಲಯಕ್ಕೇ ಹೋಗುತ್ತಾರೆ, ಇಬ್ಬರೂ ಪ್ರಾರ್ಥನೆಯನ್ನೇ ಮಾಡುತ್ತಾರೆ. ಫರಿಸಾಯನು ತನ್ನನ್ನು ದೇವರೆಂದು ಹೇಳಿಕೊಳ್ಳಲಿಲ್ಲ. ಅವನ ದೋಷ ಫರೋಹನ ದೋಷವಲ್ಲ. ದೇವರ ಎದುರಿಗೆ ನಿಂತ ನಿಲುವನ್ನೇ ಅವನು ಇನ್ನೊಬ್ಬನ ಮೇಲಿನ ಅಂತಸ್ತಾಗಿ ಮಾಡಿಕೊಂಡನು. ಆರಾಧನೆಯನ್ನು ನಡೆಸುವ ನಮಗೆ ಐಗುಪ್ತದ ಪ್ರಲೋಭನೆಗಿಂತ ಸುಮೇರಿನ ಪ್ರಲೋಭನೆಯೇ ಹತ್ತಿರದ್ದು. ಸಿಂಹಾಸನವನ್ನು ಬಯಸುವವರು ನಮ್ಮಲ್ಲಿ ಕೆಲವರೇ ಇರಬಹುದು; ಆದರೆ ಮುಂದಿನ ಸಾಲು, ವೇದಿಕೆಯ ಮೇಲಿನ ಕುರ್ಚಿ, ದೇವಸೇವಕನೆಂಬ ಬಿರುದಿನ ಸುತ್ತ ಹಬ್ಬುವ ಗೌರವ, ಇವೆಲ್ಲ ಕೈಕಟ್ಟಿ ನಿಂತಿದ್ದಂತೆಯೇ ಪಡೆಯಬಹುದಾದ ಅಂತಸ್ತುಗಳು.

ನಮ್ಮ ದೇವಾಲಯಗಳ ಗೋಡೆಗಳನ್ನು ಒಮ್ಮೆ ಗಮನವಿಟ್ಟು ಓದಿದರೆ ಸಾಕು. ಅಸ್ತಿವಾರದ ಕಲ್ಲನ್ನು ಇಟ್ಟವರ ಪದವಿ ಮತ್ತು ಹೆಸರು, ಬೆಂಚುಗಳನ್ನೂ ಗಂಟೆಯನ್ನೂ ಕೊಟ್ಟ ಕುಟುಂಬಗಳ ಹೆಸರು, ದಿನಾಂಕದೊಡನೆ ಕಾಣುತ್ತವೆ. ಕಲ್ಲು ಹೊತ್ತವರ, ಗಾರೆ ಕಲಸಿದ ಹೆಂಗಸರ ಹೆಸರು ಎಲ್ಲಿಯೂ ಇರುವುದಿಲ್ಲ. ಊರ್-ನಮ್ಮು ತಾನು ಬುಟ್ಟಿ ಹೊತ್ತ ಆಕೃತಿಯನ್ನು ಅಸ್ತಿವಾರದಡಿಯಲ್ಲಿ ಹೂಳಿಸಿದನು. ನಾವು ನಮ್ಮ ಹೆಸರಿನ ಕಲ್ಲನ್ನು ಬಾಗಿಲ ಬಳಿ ಕಣ್ಣಿಗೆ ಬೀಳುವಂತೆ ನಿಲ್ಲಿಸುತ್ತೇವೆ. ದಾನಿಗಳನ್ನು ಸ್ಮರಿಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಕೃತಜ್ಞತೆಗೂ ಕಲ್ಲು ಬೇಕಾದೀತು. ಆದರೆ ಗೋಡೆಯ ಮೇಲೆ ಒಂದೇ ಬಗೆಯ ಹೆಸರುಗಳಿದ್ದರೆ, ಪ್ರಸಂಗಪೀಠದಿಂದ ದೇವಸ್ವರೂಪದ ಬಗ್ಗೆ ನಾವು ಹೇಳುವುದನ್ನು ಆ ಗೋಡೆ ಪ್ರತಿ ಭಾನುವಾರವೂ ಅಲ್ಲಗಳೆಯುತ್ತಿರುತ್ತದೆ.

ಅದೃಶ್ಯನಾದ ದೇವರ ಪ್ರತಿರೂಪವೆಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ ಯಾರನ್ನು ಕರೆಯುತ್ತದೆಯೋ ಅವನನ್ನೇ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ ದಾಸನ ರೂಪವನ್ನು ಧರಿಸಿದವನೆಂದು ಹೇಳುತ್ತದೆ. ಈ ಎರಡು ಮಾತುಗಳನ್ನು ಜೊತೆಗಿಟ್ಟು ಓದುವಾಗ ಹಳೆಯ ಶಿಲ್ಪಿಗಳ ಎರಡು ತುದಿಗಳು ಒಂದೇ ದೇಹದಲ್ಲಿ ಕೂಡುವುದನ್ನು ಕಾಣುತ್ತೇವೆ. ಆದ್ದರಿಂದ ದೇವಸ್ವರೂಪವನ್ನು ಕುರಿತು ಬೋಧಿಸಲು ಸಿದ್ಧರಾಗುವವರು ಖಾಫ್ರೆಯ ಚಿತ್ರವನ್ನೂ ಗುದೇಅನ ಚಿತ್ರವನ್ನೂ ನೋಡಲಿ. ಅವು ಮನುಷ್ಯನ ಕೈಯಿಂದ ಆದ ಅತ್ಯುತ್ತಮ ಕೃತಿಗಳ ಸಾಲಿಗೆ ಸೇರುತ್ತವೆ. ಅವುಗಳ ಪಕ್ಕದಲ್ಲಿ ಕಾಳು ಅರೆಯುವ ಹೆಂಗಸಿನ ಚಿತ್ರವನ್ನೂ ಇಟ್ಟುಕೊಳ್ಳಲಿ. ತಮ್ಮ ಪ್ರಸಂಗ ಅವಳ ವಿಷಯದಲ್ಲಿಯೂ ಸತ್ಯವಾಗಿದೆಯೇ ಎಂದು ಕೇಳಿಕೊಂಡ ಬಳಿಕ ಪೀಠವನ್ನು ಏರಲಿ.